ದವಡೆ ಬಿಗಿತದ ಪ್ರಶ್ನಾವಳಿಯನ್ನು ಚೀನೀ ರೋಗಿಗಳಿಗೆ ಒಗ್ಗಿಸುವುದು ಹೇಗೆ?

ಮೂಗಿನ ಹಿಂಬದಿಯ ಗಂಟಲ ಕ್ಯಾನ್ಸರ್ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಸುತ್ತಮುತ್ತ ಹೆಚ್ಚು. ಅದಕ್ಕೆ ಕೊಡುವ ರೇಡಿಯೇಷನ್ ಅಗಿಯುವ ಸ್ನಾಯುಗಳಿಗೂ ತಗುಲಿದರೆ ಅವು ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಬಾಯಿ ಪೂರ್ತಿ ತೆರೆದಾಗ ಮೇಲಿನ, ಕೆಳಗಿನ ಬಾಚಿಹಲ್ಲುಗಳ ನಡುವಿನ ಅಂತರ 35 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ಟ್ರಿಸ್ಮಸ್, ಅಂದರೆ ದವಡೆ ಬಿಗಿತ. ಅಂತರವನ್ನು ಸ್ಕೇಲು ಹೇಳುತ್ತದೆ. ಆಕಳಿಸುವಾಗಿನ ನೋವನ್ನು ರೋಗಿಯೇ ಹೇಳಬೇಕು. ಸ್ವೀಡನ್ನಿನಲ್ಲಿ ರೂಪುಗೊಂಡ 21 ಪ್ರಶ್ನೆಗಳ ಗೋಥೆನ್‌ಬರ್ಗ್ ಟ್ರಿಸ್ಮಸ್ ಪ್ರಶ್ನಾವಳಿ ಇರುವುದು ಇದಕ್ಕೇ.

ಮೊದಲು ಮೂಲ ಕರ್ತೃಗಳ ಅನುಮತಿ ಪಡೆಯಿರಿ. ಬಳಿಕ ಚೀನೀ ಮಾತೃಭಾಷೆಯ ಇಬ್ಬರು ಬೇರೆಬೇರೆಯಾಗಿ ಅನುವಾದಿಸಲಿ. ಒಬ್ಬರಿಗೆ ವೈದ್ಯಕೀಯ ಗೊತ್ತಿರಲಿ, ಇನ್ನೊಬ್ಬರಿಗೆ ಗೊತ್ತಿರುವುದೇ ಬೇಡ. ರೋಗಿಯ ಮಾತು ಬರುವುದು ಈ ಎರಡನೆಯವರಿಂದ. ಎರಡನ್ನೂ ಕೂಡಿಸಿದ ಪಠ್ಯವನ್ನು, ಮೂಲವನ್ನು ನೋಡಿರದ ಇಬ್ಬರು ಮೂಲದ ಭಾಷೆಗೆ ಮರಳಿ ಅನುವಾದಿಸಬೇಕು.

ಎಡವುವುದು ಎಲ್ಲಿ? ಸ್ನಾಯು ಬಿಗಿತಕ್ಕೆ ನಿಘಂಟು ಕೊಡುವ ‘ಜಿನ್‌ಜಾಂಗ್’ ಎಂಬ ಪದಕ್ಕೆ ಮನಸ್ಸಿನ ಆತಂಕ ಎಂಬ ಅರ್ಥವೂ ಇದೆ. ದವಡೆ ಚೆನ್ನಾಗಿದ್ದರೂ ಪರೀಕ್ಷೆಯ ಭಯದಲ್ಲಿರುವ ರೋಗಿ ‘ಹೌದು’ ಎಂದುಬಿಡಬಹುದು. ‘ಫಾ ಜಿನ್’, ಅಂದರೆ ಬಿಗಿಯಾದಂತೆ ಅನಿಸುವುದು, ನೇರವಾಗಿ ಮೈಗೆ ತಾಗುವ ಮಾತು. ಹಾಗೆಯೇ ಬಾಯಿ ತೆರೆಯುವುದಕ್ಕೆ ‘ಜಾಂಗ್‌ಕೌ’ ಕೇಸ್‌ಶೀಟಿನ ಪದ, ಮನೆಮಾತಿನಲ್ಲಿ ‘ಜಾಂಗ್‌ಜುಯ್’. ಊಟದ ಪ್ರಶ್ನೆಗಳಿಗೂ ಇದೇ ಎಚ್ಚರ ಬೇಕು. ಚೀನೀ ಅಡುಗೆಯಲ್ಲಿ ಮಾಂಸ, ತರಕಾರಿಯನ್ನು ಸಾಮಾನ್ಯವಾಗಿ ಮೊದಲೇ ಸಣ್ಣಗೆ ಹೆಚ್ಚಿರುತ್ತಾರೆ. ಹಾಗಾಗಿ ‘ಗಟ್ಟಿ ಆಹಾರ’ ಎಂದರೆ ಯಾವುದು ಎಂದು ರೋಗಿಯನ್ನೇ ಕೇಳಿ. ಮುಖ್ಯಭೂಮಿಗೆ ಸರಳೀಕೃತ ಲಿಪಿ, ಹಾಂಗ್‌ಕಾಂಗ್ ಮತ್ತು ತೈವಾನಿಗೆ ಸಾಂಪ್ರದಾಯಿಕ ಲಿಪಿ. ಕೇವಲ ಲಿಪಿ ಬದಲಿಸಿ ಒಂದನ್ನೇ ಎಲ್ಲೆಡೆ ಹಂಚುವುದು ತಪ್ಪು, ಬಳಕೆಯ ಪದಗಳೂ ಬೇರೆ.

ಪರಿಣತರ ಸಮಿತಿ ತಿದ್ದಿದ ಕರಡನ್ನು 30–40 ರೋಗಿಗಳಿಗೆ ಕೊಡಿ. ‘ಅರ್ಥವಾಯಿತೇ?’ ಎಂದು ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. ಪ್ರಶ್ನೆಯನ್ನು ತಮ್ಮದೇ ಮಾತಿನಲ್ಲಿ ಹೇಳಿಸಿ. ಚೀನಾದ ಹುನಾನ್ ಪ್ರಾಂತ್ಯದಲ್ಲಿ ಅಡಿಕೆ ಜಗಿದು ಬಾಯಿಯ ಒಳಪದರ ನಾರುಗಟ್ಟಿದವರೂ ಇದ್ದಾರೆ. ಗುಟ್ಕಾದಿಂದ ನಮ್ಮಲ್ಲಿ ಕಾಣುವ ಕಾಯಿಲೆಯೇ ಅದು. ಅವರನ್ನು ಬಿಡಬೇಡಿ.

ಕೊನೆಗೆ ಲೆಕ್ಕ. ಪ್ರಶ್ನೆಗೆ ಏಳು ರೋಗಿಗಳಂತೆ ಹಿಡಿದರೂ ಸುಮಾರು 150 ಜನ ಬೇಕು. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆಯಾದ ಕ್ರೋನ್‌ಬಾಕ್ ಆಲ್ಫಾ 0.7ಕ್ಕಿಂತ ಮೇಲಿರಲಿ. 35 ಮಿ.ಮೀ. ಒಳಗಿನವರ ಅಂಕ ಉಳಿದವರಿಗಿಂತ ಹೆಚ್ಚು ಬರಬೇಕು, ಏಕೆಂದರೆ ಇಲ್ಲಿ 100 ಎಂದರೆ ಅತಿ ಕಷ್ಟ. ಒಂದೆರಡು ವಾರ ಬಿಟ್ಟು ಅದೇ ರೋಗಿಗಳಿಂದ ಮತ್ತೆ ತುಂಬಿಸಿ. ಆ ದಿನವೂ ಬಾಯಿಯ ಅಂತರ ಅಳೆಯಿರಿ. ವ್ಯಾಯಾಮದಿಂದ ಬಾಯಿ ನಿಜಕ್ಕೂ ಸಡಿಲವಾದವರನ್ನು ಈ ಲೆಕ್ಕಕ್ಕೆ ಸೇರಿಸಿದರೆ ಪ್ರಶ್ನಾವಳಿಯೇ ಅಸ್ಥಿರ ಎಂಬ ತಪ್ಪು ಫಲಿತಾಂಶ ಬರುತ್ತದೆ.