ಎಸ್ಟರ್ ಬದುಕನ್ನು ಒಂದೇ ದೃಶ್ಯದಲ್ಲಿ ಆಡಿದ್ದು: ನನ್ನ ಅನುಭವ

ಒಂದೇ ದೃಶ್ಯವನ್ನು ನಾಲ್ಕು ಸಲ ಆಡಿದರೆ ಜನ ಎದ್ದು ಹೋಗ್ತಾರೆ ಅಂತ ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ತಂಡದವರೇ ಹೇಳಿದರು. ಊರಲ್ಲಿ ನನಗೆ ನಾಟಕ ಕಲಿಸಿದ ಮೇಷ್ಟ್ರೂ ಫೋನಲ್ಲಿ ಅದನ್ನೇ ಹೇಳಿದರು. ಆದರೆ ಹೋದ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೇನ್‌ನಲ್ಲಿ ಅರವತ್ತು ಎಪ್ಪತ್ತು ಜನ ಕನ್ನಡದವರು ಕೊನೆಯವರೆಗೂ ಕೂತು ನೋಡಿದರು, ಯಾರೂ ಏಳಲಿಲ್ಲ. ಏಕವ್ಯಕ್ತಿ ಪ್ರಯೋಗ ಮಾಡುವ ಗೆಳೆಯರು ಇದನ್ನು ಹೇಗೆ ಕಟ್ಟಿದೆ ಅಂತ ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಡಿದ್ದು ಎಸ್ಟರ್ ಡ ಬೂರ್-ಫಾನ್ ರೈಕ್ ಕಥೆ. 1853ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಯಹೂದಿ ನಟಿ, ತೀರಿಕೊಂಡದ್ದು 1937ರಲ್ಲಿ. ಡಚ್ ರಂಗಭೂಮಿಯಲ್ಲಿ ಆಕೆ ಅಂದರೆ ಕ್ನೀರ್ಚೆ, ಕ್ನೀರ್ಚೆ ಅಂದರೆ ಆಕೆ. ಡಚ್ ನಾಟಕಕಾರ ಹೈಯರ್ಮಾನ್ಸ್ ಬರೆದ 'ಓಪ್ ಹೋಪ್ ಫಾನ್ ಝೇಖನ್' ನಾಟಕದಲ್ಲಿ ಬರುವ ಮೀನುಗಾರನ ವಿಧವೆ ಈ ಕ್ನೀರ್ಚೆ. 1900ರ ಡಿಸೆಂಬರ್ 24ರಂದು ಆಮ್ಸ್ಟರ್‌ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ. ಆಮೇಲೆ ಆ ಪಾತ್ರವನ್ನು ಆಕೆ 1200ಕ್ಕೂ ಜಾಸ್ತಿ ಸಲ ಮಾಡಿದಳು.

ಮೊದಲು ನಾನೂ ಎಲ್ಲರ ಹಾಗೆ ಹುಟ್ಟಿನಿಂದಲೇ ಶುರು ಮಾಡಿದ್ದೆ. ಹಿಂದೆ ಪರದೆ, ಪ್ರೊಜೆಕ್ಟರ್‌ನಲ್ಲಿ ಹಳೇ ಫೋಟೋಗಳು, ಪಕ್ಕದಲ್ಲಿ ನಿಂತು ನಿರೂಪಣೆ. ಹಾಲ್ ಬಾಡಿಗೆ, ಲೈಟು, ಹೊಲಿಸಿದ ಮೂರು ಜೊತೆ ಬಟ್ಟೆ, ಎಲ್ಲಾ ಸೇರಿ ಸುಮಾರು 900 ಯೂರೋ ಹೋಯಿತು. ಟಿಕೆಟ್‌ನಿಂದ ಬಂದದ್ದು 200ರ ಆಸುಪಾಸು. ಅರ್ಧ ಗಂಟೆ ಆಗುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಮೊಬೈಲ್ ಬೆಳಕು ಕಾಣುತ್ತಿತ್ತು. ಬೇರೆ ಊರಲ್ಲಿ ಮತ್ತೆ ಆಡಿದೆ, ಅಲ್ಲೂ ಅದೇ ಗತಿ. ಇಸವಿ ಹೇಳುತ್ತಾ ಹೋದರೆ ನಟಿ ಕಾಣೋಲ್ಲ, ಬರೀ ವಿಷಯ ಕೇಳಿಸುತ್ತೆ.

ದಾರಿ ತೋರಿಸಿದ್ದು 1934ರ ಸಿನಿಮಾ. ಅದೇ ನಾಟಕದ ಮಾತಿನ ಚಿತ್ರ, ಕ್ನೀರ್ಚೆ ಪಾತ್ರದಲ್ಲಿ ಅದೇ ಎಸ್ಟರ್! ಮೊದಲ ಸಲ ಆಡಿದಾಗ ಆಕೆಗೆ 47, ಈ ಸಿನಿಮಾ ಬಂದಾಗ 81. ನಡುವೆ 34 ವರ್ಷ. ಹಾಗಾದರೆ ಆಕೆಯ ಜೀವನಚರಿತ್ರೆ ಆ ಪಾತ್ರದೊಳಗೇ ಇದೆ ಅಲ್ವಾ? ಒಂದು ದೃಶ್ಯ ಆರಿಸಿಕೊಂಡೆ, ಅದನ್ನೇ 47, 56, 71, 81ರ ವಯಸ್ಸಿನಲ್ಲಿ ಆಕೆ ಹೇಗೆ ಆಡಿರಬಹುದು ಅಂತ ಕಲ್ಪಿಸಿಕೊಂಡು ಕಟ್ಟಿದೆ.

ದೃಶ್ಯ ಇಷ್ಟು. ಹಡಗು ಕೊಳೆತಿದೆ. ಮಾಲೀಕನಿಗೆ ಅದು ಗೊತ್ತು, ಆದರೆ ವಿಮೆ ಇದೆ. ಕ್ನೀರ್ಚೆಯ ಕಿರಿಯ ಮಗ ಬಾರೆಂಟ್‌ಗೆ ಸಮುದ್ರ ಅಂದರೆ ಪ್ರಾಣಭಯ. ಹಡಗಿನ ಕೆಲಸಕ್ಕೆ ಒಪ್ಪಿಕೊಂಡ ಮೇಲೆ ಹೋಗದಿದ್ದರೆ ಪೊಲೀಸರು ಬಿಡೋಲ್ಲ. ತಾಯಿ ಬೈಯುತ್ತಾಳೆ, ರಮಿಸುತ್ತಾಳೆ, ಸತ್ತ ಗಂಡನ ಕಿವಿಯುಂಗುರ ತಂದು ಮಗನ ಕಿವಿಗೆ ಹಾಕುತ್ತಾಳೆ. ಹುಡುಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಡುವುದೇ ಇಲ್ಲ, ಎಳೆದುಕೊಂಡು ಹೋಗುತ್ತಾರೆ. ಕೊನೆಗೆ ಹೆಣ ದಡಕ್ಕೆ ಬಂದಾಗ ಗುರುತು ಸಿಗುವುದು ಆ ಉಂಗುರಗಳಿಂದಲೇ.

ನಾನು ಹುಡುಗನನ್ನು ತೋರಿಸಲೇ ಇಲ್ಲ. ಒಂದು ಸ್ಟೂಲು, ಅಷ್ಟೇ. ಅವನ ಕಿವಿ ಎಲ್ಲಿದೆ ಅಂತ ನನ್ನ ಬೆರಳಿಗೆ ಗೊತ್ತಿರಬೇಕು.

47ರ ವಯಸ್ಸಿನಲ್ಲಿ ಆಕೆ ತನಗಿಂತ ವಯಸ್ಸಾದವಳನ್ನು ನಟಿಸಬೇಕು. ಅದಕ್ಕೇ ಬೆನ್ನು ಬಾಗಿಸಿದೆ, ದನಿ ನಡುಗಿಸಿದೆ, ಬೇಕಂತಲೇ ಜಾಸ್ತಿ ಮಾಡಿದೆ. 56ರ ಹೊತ್ತಿಗೆ, ಅಂದರೆ 1909ರಲ್ಲಿ, ಹಡಗುಗಳ ಸುರಕ್ಷತೆಗೆ ಕಾನೂನು ಬಂತು. ಈ ನಾಟಕ ಎಬ್ಬಿಸಿದ ಸಿಟ್ಟೂ ಅದಕ್ಕೆ ಒತ್ತು ಕೊಟ್ಟಿತ್ತು ಅನ್ನುತ್ತಾರೆ. ಅದಕ್ಕೇ ಇಲ್ಲಿ ಉಂಗುರ ಹಾಕುತ್ತಾ ಮಗನನ್ನು ನೋಡುವುದಿಲ್ಲ, ಪ್ರೇಕ್ಷಕರನ್ನು ನೋಡುತ್ತೇನೆ. 1924ರಲ್ಲಿ ಹೈಯರ್ಮಾನ್ಸ್ ತೀರಿಕೊಂಡ. ಎಸ್ಟರ್‌ಗೆ 71. ಈ ಸಲ ಮಾತೆಲ್ಲ ಮೆಲ್ಲಗೆ, ಬರೆದವನ ಮಾತು ಕಾಪಾಡುವವಳ ಹಾಗೆ. 81ಕ್ಕೆ ಬಂದಾಗ ನಟನೆಯನ್ನೆಲ್ಲ ತೆಗೆದುಹಾಕಿದೆ. ಬೆನ್ನು ಬಾಗಿಸುವುದಿಲ್ಲ, ದನಿ ನಡುಗಿಸುವುದಿಲ್ಲ. ಉಂಗುರದ ಕೊಂಡಿ ಕಿವಿಯ ತೂತಿಗೆ ಸಿಗುವುದಿಲ್ಲ, ಎರಡು ಸಲ ಜಾರುತ್ತದೆ, ಮೂರನೇ ಸಲಕ್ಕೆ ಕೂರುತ್ತದೆ. ಅಷ್ಟೇ ಮಾಡುವುದು. ಅಲ್ಲಿ ಹಾಲ್‌ನಲ್ಲಿ ಕೆಮ್ಮು ಕೂಡ ನಿಂತುಹೋಗುತ್ತದೆ, ನಾನು ಖುದ್ದಾಗಿ ಕೇಳಿದ್ದೇನೆ.

ಮೇಕಪ್ ಇಲ್ಲ, ಬಟ್ಟೆ ಬದಲಿಲ್ಲ, ಒಂದು ಶಾಲು ಮಾತ್ರ. ಹತ್ತು ಹನ್ನೆರಡು ಸೆಕೆಂಡಿನ ಕತ್ತಲಲ್ಲಿ ವಯಸ್ಸು ಬದಲಾಗಬೇಕು. ಅದಕ್ಕೆ ಉಸಿರಿನ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ, ಎದುರಿಗೆ ಕೂತರೆ ಕಲಿಸುತ್ತೇನೆ.

ನಡುವೆ ಬಿರುಗಾಳಿಯ ಹುಚ್ಚೂ ಹಿಡಿದಿತ್ತು. ಹಳೇ ಕಾಲದಲ್ಲಿ ಮರದ ಉರುಳೆಗೆ ಕ್ಯಾನ್ವಾಸ್ ಬಟ್ಟೆ ಹೊದಿಸಿ ತಿರುಗಿಸುತ್ತಿದ್ದರಲ್ಲ, ಆ ಗಾಳಿಯಂತ್ರ ನಾನೂ ಮಾಡಿಸಿದೆ. 140 ಯೂರೋ ಆಗಿರಬೇಕು. ಸದ್ದು ಅದ್ಭುತ! ಆದರೆ ತಿರುಗಿಸಲು ಇನ್ನೊಬ್ಬರು ಬೇಕು, ಮೇಲಾಗಿ ಜನ ಅದನ್ನೇ ನೋಡುತ್ತಾರೆ. ಈಗ ಗ್ಯಾರೇಜಿನಲ್ಲಿದೆ, ಬೇಕಾದವರು ಒಯ್ಯಬಹುದು. ಮರದ ಚಪ್ಪಲಿ ಮಾತ್ರ ಉಳಿಸಿಕೊಂಡೆ. ಕಾರ್ಪೆಟ್ ಇದ್ದರೆ ಅದರ ಸದ್ದೇ ಬರೋಲ್ಲ, ಹಾಗಾಗಿ ಒಂದು ಪ್ಲೈವುಡ್ ಹಲಗೆ ಕಾರಿನಲ್ಲಿ ಸದಾ ಇರುತ್ತದೆ.

ಈಗ ಒಂದು ಪ್ರದರ್ಶನಕ್ಕೆ ಹಾಲ್ ಬಿಟ್ಟು 60–70 ಯೂರೋ ಖರ್ಚು. ಮೊದಲು ಕಳೆದುಕೊಂಡಿದ್ದು ಹತ್ತಿರಹತ್ತಿರ ವಾಪಸ್ ಬಂದಿದೆ. ಇಲ್ಲಿ ಹಣ ಉಳಿಸಿ ನಾಟಕ ಮಾಡಿದವರು ಎಷ್ಟು ಜನ ಇದ್ದಾರೆ ಹೇಳಿ?

ನಾಟಕ ಮೊದಲು ಆಡಿದ ಹಾಲಂಡ್ಸೆ ಸ್ಖೌಬುರ್ಖ್ ರಂಗಮಂದಿರದ ಬಗ್ಗೆ ಒಂದು ಮಾತು ಹೇಳಲೇಬೇಕು. 1942ರಿಂದ ನಾಜಿಗಳು ಆಮ್ಸ್ಟರ್‌ಡ್ಯಾಮ್‌ನ ಯಹೂದಿಗಳನ್ನು ಶಿಬಿರಗಳಿಗೆ ಕಳಿಸುವ ಮುಂಚೆ ಕೂಡಿಹಾಕಿದ್ದು ಅದೇ ರಂಗಮಂದಿರದಲ್ಲಿ. ಈಗ ಅದು ಸ್ಮಾರಕ. ಎಸ್ಟರ್ ಅಷ್ಟರಲ್ಲಿ ತೀರಿಕೊಂಡಿದ್ದಳು. ಇದನ್ನು ಐದನೇ ದೃಶ್ಯವಾಗಿ ಸೇರಿಸು ಅಂತ ಕೆಲವರು ಒತ್ತಾಯ ಮಾಡಿದರು. ಸೇರಿಸಿಲ್ಲ. ಆಕೆ ನೋಡದೇ ಇದ್ದದ್ದನ್ನು ಆಕೆಯ ಮೈಯಲ್ಲಿ ಆಡುವುದು ನನಗೆ ಸರಿ ಕಾಣಲಿಲ್ಲ. ಪ್ರದರ್ಶನ ಮುಗಿದ ಮೇಲೆ, ಲೈಟ್ ಹಾಕಿಸಿ, ನನ್ನ ದನಿಯಲ್ಲೇ ಎರಡು ವಾಕ್ಯ ಹೇಳುತ್ತೇನೆ.

ಇಪ್ಪತ್ತು ನಿಮಿಷಕ್ಕೆ ಇಳಿಸಿಕೊಡಿ, ರಾಜ್ಯೋತ್ಸವಕ್ಕೆ ಹಾಕೋಣ ಅಂತ ಒಂದು ಕಡೆಯಿಂದ ಕೇಳಿದ್ದಾರೆ. ಆಗೋಲ್ಲ ಅಂದಿದ್ದೇನೆ. ನಾಲ್ಕು ಸಲವೂ ಪೂರ್ತಿ ಬೇಕು, ಐವತ್ತು ನಿಮಿಷ ಬೇಕು.