ಉಪ್ಪುನೀರಿನ ತೊಟ್ಟಿಗೆ ನಾನು ಕೊಂಡ ಟೆಸ್ಟ್ ಕಿಟ್‌ಗಳು

ಮಡಿಕೇರಿಯ ನಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಶುರು ಮಾಡಿದ್ದು ಜೂನ್ ತಿಂಗಳಲ್ಲಿ. 120 ಲೀಟರಿನ ತೊಟ್ಟಿ, ಆರ್‌ಓ ನೀರಿಗೆ ಬೆರೆಸಿದ ಉಪ್ಪು, ಒಂದಿಷ್ಟು ಕಲ್ಲು, ಒಂದು ಹೀಟರ್. ಮೀನು ಇನ್ನೂ ಬಿಟ್ಟಿರಲಿಲ್ಲ. ನೀರು ಪರೀಕ್ಷೆ ಮಾಡೋಕೆ ಏನಾದರೂ ಕೊಡಿ ಅಂದಾಗ ಅಂಗಡಿಯವರು ಅದ್ದಿ ನೋಡುವ ಪಟ್ಟಿಗಳ ಡಬ್ಬಿ ಕೊಟ್ಟರು. "ಎಲ್ಲಾ ಇದರಲ್ಲೇ ಗೊತ್ತಾಗುತ್ತೆ ಸಾರ್."

ಒಂದು ವಾರ ಚೆನ್ನಾಗಿತ್ತು. ಆಮೇಲೆ ಅದೇ ನೀರಿಗೆ ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು. ನಮ್ಮ ಮಳೆಗಾಲ ಗೊತ್ತಲ್ವಾ? ಬೆಲ್ಟಿಗೆ ಬೂಸ್ಟು ಹಿಡಿಯುತ್ತೆ, ಅಡುಗೆಮನೆಯ ಉಪ್ಪು ನೀರಾಗುತ್ತೆ. ಪಟ್ಟಿಗಳಿಗೂ ಅದೇ ಗತಿ. ಮುಚ್ಚಳ ತೆಗೆದಾಗಲೆಲ್ಲ ತೇವ ಹೀರಿಕೊಂಡು, ಅದ್ದುವ ಮೊದಲೇ ಕೆಟ್ಟಿರುತ್ತವೆ. ಸಾಲದ್ದಕ್ಕೆ ಆ ಪಟ್ಟಿಯಲ್ಲಿ ಅಮೋನಿಯಾದ ಚೌಕವೇ ಇರಲಿಲ್ಲ. ಅಮೋನಿಯಾ ಮೀನಿಗೆ ವಿಷ, ಹೊಸ ತೊಟ್ಟಿಯಲ್ಲಿ ಮೊದಲು ನೋಡಬೇಕಾದ್ದೇ ಅದು.

ಹಾಗಾಗಿ ಹನಿ ಹಾಕಿ ನೋಡುವ ಕಿಟ್ ತರಿಸಿದೆ. ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಎರಡು ವಿಷಯ ನೋಡಿ ತಗೊಳ್ಳಿ: ಉಪ್ಪುನೀರಿನ ಬಣ್ಣದ ಕಾರ್ಡು ಇದೆಯಾ, ಬಾಟಲಿಗಳ ಅವಧಿ ಇನ್ನೂ ಎಷ್ಟಿದೆ. ಸಿಹಿನೀರಿನ ಕಾರ್ಡಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತೆ.

ಐದನೇ ವಾರ ಒಂದು ತಮಾಷೆ ಆಯ್ತು. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಏರಿದ್ದ ಅಮೋನಿಯಾ ಸೊನ್ನೆಗೆ ಇಳಿದಿತ್ತು. ಅದರ ಹಿಂದೆಯೇ ಏರಿದ್ದ ನೈಟ್ರೈಟೂ ಸೊನ್ನೆ. ಸರಿ, ಹಾಗಾದರೆ ಅದೆಲ್ಲ ನೈಟ್ರೇಟ್ ಆಗಿರಬೇಕು. ಆದರೆ ನೈಟ್ರೇಟೂ ಸೊನ್ನೆ! ಅದನ್ನು ಹೀರಿಕೊಳ್ಳೋಕೆ ತೊಟ್ಟಿಯಲ್ಲಿ ಪಾಚಿಯೂ ಅಷ್ಟಿರಲಿಲ್ಲ, ಹೋಗಿದ್ದೆಲ್ಲಿಗೆ? ಸೂಚನೆಯ ಚೀಟಿಯನ್ನು ಮತ್ತೆ ಓದಿದೆ. ನೈಟ್ರೇಟಿನ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಬೇಕಂತೆ, ಹನಿ ಹಾಕಿದ ಮೇಲೆ ಟ್ಯೂಬನ್ನು ಇನ್ನೊಂದು ನಿಮಿಷ. ನಾನು ಔಷಧಿ ಬಾಟಲಿ ತರಹ ಎರಡು ಸಲ ಅಲ್ಲಾಡಿಸಿ ಬಿಡುತ್ತಿದ್ದೆ. ಅದರಲ್ಲಿರುವ ಪುಡಿ ತಳಕ್ಕೆ ಕೂತು ಗಟ್ಟಿಯಾಗಿತ್ತು. ಬಾಟಲಿಯನ್ನು ಮೇಜಿಗೆ ಕುಟ್ಟಿ, ಕೈ ಸೋಲುವಷ್ಟು ಕುಲುಕಿ, 5 ನಿಮಿಷ ಕಾದೆ. ಹಳದಿ ಇದ್ದದ್ದು ಕೆಂಪಾಯ್ತು. 40 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 40 ಭಾಗ). ಅರ್ಧ ನೀರು ಬದಲಾಯಿಸಿದ ಮೇಲೇ ಮೀನು ತಂದಿದ್ದು.

ಉಪ್ಪಿನಂಶಕ್ಕೆ ರಿಫ್ರ್ಯಾಕ್ಟೋಮೀಟರ್ ಸಾಕು, ಒಂದು ಹನಿ ನೀರು ಹಾಕಿ ಕಣ್ಣಿಟ್ಟು ನೋಡುವ ಉಪಕರಣ. ಆದರೆ ಬರೀ ನೀರು ಹಾಕಿ ಸೊನ್ನೆಗೆ ಕೂರಿಸಿದರೆ ಸಾಲದು. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣದ ಒಂದು ಸಣ್ಣ ಬಾಟಲಿ ತಗೊಂಡು ಅದಕ್ಕೆ ಸರಿಹೊಂದಿಸಿ. ನನ್ನದು 2 ಜಾಸ್ತಿ ತೋರಿಸುತ್ತಿತ್ತು.

ಇನ್ನೊಂದು ಕಿಟ್ ಮೊದಲೇ ತಗೊಂಡಿದ್ದರೆ ಒಂದು ರಾತ್ರಿ ನಿದ್ದೆ ಉಳಿಯುತ್ತಿತ್ತು. ಜುಲೈನಲ್ಲಿ ಪಿಎಚ್ 7.8ಕ್ಕೆ ಇಳಿಯಿತು. ಪಿಎಚ್ ಏರಿಸುವ ಪುಡಿ ಸುರಿಯೋಣ ಅಂತಿದ್ದೆ. ಅಷ್ಟರಲ್ಲಿ ಸ್ಯಾಲಿಫರ್ಟ್ ಕಂಪನಿಯ ಕೆಎಚ್ ಕಿಟ್ ಬಂತು. ಕೆಎಚ್ ಅಂದರೆ ಪಿಎಚ್ ಬೀಳದಂತೆ ಹಿಡಿದಿಡುವ ನೀರಿನ ಕ್ಷಾರತೆ. 4 ಎಂಎಲ್ ನೀರಿಗೆ 2 ಹನಿ ಬಣ್ಣ ಹಾಕಿ, ಆಮೇಲೆ ಕಿಟ್‌ನ ಇನ್ನೊಂದು ದ್ರಾವಣವನ್ನು ಸಿರಿಂಜಿನಿಂದ ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ನೀಲಿ-ಹಸಿರು ಇದ್ದದ್ದು ಕಿತ್ತಳೆಗೆ ತಿರುಗಿದಾಗ ಸಿರಿಂಜಿನ ಅಳತೆಯಿಂದ ಕೆಎಚ್ ಎಷ್ಟು ಅಂತ ನೋಡಬೇಕು. 8.6 ಬಂತು. ಅಂದರೆ ನೀರಲ್ಲಿ ಕ್ಷಾರತೆಗೆ ಏನೂ ಕೊರತೆ ಇಲ್ಲ! ಆಗ ಒಂದು ಲೋಟ ತೊಟ್ಟಿ ನೀರನ್ನು ಜಗಲಿಗೆ ಒಯ್ದು, ಏರ್ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಟ್ಟೆ. ಪಿಎಚ್ 8.2. ಮಳೆ, ಚಳಿ ಅಂತ ವಾರಗಟ್ಟಲೆ ಕಿಟಕಿ ಮುಚ್ಚಿ ಕೂತಿದ್ದೆವು. ಮನೆಯೊಳಗಿನ ಕಾರ್ಬನ್ ಡೈಆಕ್ಸೈಡ್ ನೀರಿಗೆ ಇಳಿದು ಪಿಎಚ್ ತಗ್ಗಿಸಿತ್ತು, ಅಷ್ಟೇ. ಈಗ ತೊಟ್ಟಿಯ ಪಕ್ಕದ ಕಿಟಕಿ ಎರಡು ಬೆರಳಷ್ಟು ತೆರೆದೇ ಇರುತ್ತೆ. "ಮೀನಿಗೆ ಗಾಳಿ, ನಮಗೆ ಶೀತ" ಅಂತ ಅಮ್ಮ ಗೊಣಗ್ತಾರೆ.

ಕ್ಯಾಲ್ಸಿಯಂ, ಮೆಗ್ನೀಸಿಯಂ ಕಿಟ್ ನಾನಿನ್ನೂ ಕೊಂಡಿಲ್ಲ. ಇರೋದು ಎರಡು ಕ್ಲೌನ್ ಮೀನು. ಅವು ಬೇಕಾಗೋದು ಮುಖ್ಯವಾಗಿ ಗಟ್ಟಿ ಹವಳಕ್ಕೆ, ಅದನ್ನು ಹಾಕಿದ ದಿನ ನೋಡೋಣ. ಈಗಲೇ ತಂದರೆ ಸುಮ್ನೆ ಅವಧಿ ಮುಗಿಯುತ್ತೆ.

ಕಿಟ್‌ಗಳೆಲ್ಲ ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಕಾಫಿ ಪುಡಿ ಡಬ್ಬಿಯ ಪಕ್ಕ ಇವೆ. ಮುಚ್ಚಳದ ಮೇಲೆ ನನ್ನ ಹೆಂಡತಿ "ಇದು ಸಕ್ಕರೆ ಅಲ್ಲ" ಅಂತ ಬರೆದು ಅಂಟಿಸಿದ್ದಾಳೆ.