ಸಂಖ್ಯಾಶಾಸ್ತ್ರ: ನಾನು ಓದಿದ ಕ್ರಮ, ಕೆಲಸದಲ್ಲಿ ನೆರವಾದ ಪಾಠಗಳು

ಸಂಖ್ಯಾಶಾಸ್ತ್ರದ ಪದವಿಗೆ ಗಣಿತವೇ ತಳಪಾಯ. ಮೊದಲ ವರ್ಷ ನಾನು ಹೆಚ್ಚು ಸಮಯ ಕೊಟ್ಟದ್ದು ಕ್ಯಾಲ್ಕುಲಸ್ ಮತ್ತು ಮ್ಯಾಟ್ರಿಕ್ಸ್‌ಗೆ. ಇಂಟಿಗ್ರೇಶನ್ ಕೈಗೆ ಹತ್ತದಿದ್ದರೆ ಸಂಭವನೀಯತೆಯ ವಿತರಣೆಗಳು ಬರೀ ಬಾಯಿಪಾಠವಾಗುತ್ತವೆ. ಮ್ಯಾಟ್ರಿಕ್ಸ್ ಬಾರದಿದ್ದರೆ ರಿಗ್ರೆಶನ್ (ಒಂದು ಅಂಶ ಬೇರೆ ಅಂಶಗಳ ಜೊತೆ ಹೇಗೆ ಬದಲಾಗುತ್ತದೆಂಬ ಲೆಕ್ಕ) ಅರ್ಧದಲ್ಲೇ ನಿಲ್ಲುತ್ತದೆ.

ಪುಸ್ತಕದಲ್ಲಿ ಓದಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ನೋಡುತ್ತಿದ್ದೆ. 95% ಕಾನ್ಫಿಡೆನ್ಸ್ ಇಂಟರ್ವಲ್ ತೆಗೆದುಕೊಳ್ಳಿ. ಅಂದರೆ, ಮತ್ತೆ ಮತ್ತೆ ಮಾದರಿ ತೆಗೆದು ಲೆಕ್ಕಹಾಕಿದರೆ ನೂರಕ್ಕೆ 95 ಸಲ ನಿಜವಾದ ಸರಾಸರಿಯನ್ನು ಒಳಗೊಳ್ಳಬೇಕಾದ ವ್ಯಾಪ್ತಿ. ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಸರಾಸರಿ 1 ಇರುವ ಎಕ್ಸ್‌ಪೊನೆನ್ಶಿಯಲ್ ವಿತರಣೆಯಿಂದ 10 ಸಂಖ್ಯೆ ತೆಗೆದು, ಸಣ್ಣ ಮಾದರಿಗಳಿಗೆ ಬಳಸುವ ಟಿ-ಸೂತ್ರದಿಂದ ಇಂಟರ್ವಲ್ ಕಂಡುಹಿಡಿದು, ಅದರೊಳಗೆ 1 ಇದೆಯೇ ನೋಡಿ. ಇದನ್ನೇ 10,000 ಸಲ ಮಾಡಿಸಿ. ಶೇ 95 ಬರಬೇಕಾದಲ್ಲಿ ಶೇ 90ರ ಆಸುಪಾಸು ಬರುತ್ತದೆ. ದತ್ತಾಂಶ ನಾರ್ಮಲ್ (ಸರಾಸರಿಯ ಎರಡೂ ಬದಿಗೆ ಸಮನಾಗಿ, ಗಂಟೆಯಾಕಾರದಲ್ಲಿ ಹರಡಿದ್ದು) ಎಂದು ಟಿ-ಸೂತ್ರ ಭಾವಿಸುತ್ತದೆ, ಈ ವಿತರಣೆಯೋ ಬಲಕ್ಕೆ ಚಾಚಿಕೊಂಡದ್ದು. 10ರ ಬದಲು 100 ಸಂಖ್ಯೆ ತೆಗೆದರೆ 95ರ ಹತ್ತಿರ ಬರುತ್ತದೆ. ಸೂತ್ರ ಎಲ್ಲಿ ಕೈಕೊಡುತ್ತದೆಂದು ನನಗೆ ಇಷ್ಟು ಸ್ಪಷ್ಟವಾಗಿ ಬೇರಾವುದೂ ಕಲಿಸಲಿಲ್ಲ.

ಸ್ಯಾಂಪ್ಲಿಂಗ್ (ಮಾದರಿ ಆಯ್ಕೆ) ವಿಷಯದ ಪರೀಕ್ಷಾ ಪತ್ರಿಕೆಯನ್ನು ಹಗುರವಾಗಿ ನೋಡಬೇಡಿ. ಸಮೀಕ್ಷೆಯಲ್ಲಿ ಶೇ 3ರ ದೋಷಮಿತಿಗೆ ಯಾದೃಚ್ಛಿಕವಾಗಿ ಆರಿಸಿದ ಸುಮಾರು 1,070 ಜನ ಸಾಕು. ಆ ಮಿತಿಯನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಜನ ಬೇಕು. ಆಯ್ಕೆಯೇ ಒಂದು ಕಡೆಗೆ ವಾಲಿದ್ದರೆ ಸಂಖ್ಯೆ ಎಷ್ಟಿದ್ದೂ ವ್ಯರ್ಥ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿ ಲ್ಯಾಂಡನ್ ಗೆಲ್ಲುತ್ತಾರೆಂದಿತು. ಗೆದ್ದವರು ರೂಸ್‌ವೆಲ್ಟ್.

ಉದ್ಯೋಗದ ದಾರಿಗಳಲ್ಲಿ ಔಷಧ ಪ್ರಯೋಗಗಳ ಬಯೋಸ್ಟ್ಯಾಟಿಸ್ಟಿಕ್ಸ್ ಅತ್ಯಂತ ಶಿಸ್ತಿನದು. ಯಾರಿಗೆ ಔಷಧ, ಯಾರಿಗೆ ಪ್ಲಸೀಬೊ (ಔಷಧವಿಲ್ಲದ ಹುಸಿ ಮದ್ದು) ಎಂಬ ಗುಟ್ಟು ಬಿಚ್ಚುವ ಮೊದಲೇ ವಿಶ್ಲೇಷಣೆಯ ಯೋಜನೆ ಅಂತಿಮಗೊಂಡಿರಬೇಕು. ಏಕೆಂದರೆ ಒಂದಕ್ಕೊಂದು ಸಂಬಂಧವಿಲ್ಲದ 20 ಅಂಶಗಳನ್ನು 0.05ರ ಮಟ್ಟದಲ್ಲಿ (ಇಲ್ಲದ ಪರಿಣಾಮ ಇದೆಯೆಂದು ತಪ್ಪುವ ಸಂಭವ ಶೇ 5) ಪರೀಕ್ಷಿಸಿದರೆ, ಔಷಧ ಏನೂ ಮಾಡದಿದ್ದರೂ ಒಂದರಲ್ಲಾದರೂ ಪರಿಣಾಮ ಕಾಣುವ ಸಂಭವ ಶೇ 64. ಇಲ್ಲಿ ಸ್ಯಾಸ್ ಸಾಫ್ಟ್‌ವೇರ್ ಕಲಿತಿದ್ದರೆ ಅನುಕೂಲ. ವಿಮಾ ಕ್ಷೇತ್ರದಲ್ಲಿ ಅಪಾಯದ ಲೆಕ್ಕ ಹಾಕುವ ಆಕ್ಚುರಿ ಆಗಲು ಪದವಿಯೊಂದೇ ಸಾಲದು, ವೃತ್ತಿಸಂಸ್ಥೆಯ ಪರೀಕ್ಷೆಗಳನ್ನೂ ಬರೆಯಬೇಕು. ಓದುವಾಗಲೇ ಶುರುಮಾಡುವುದು ಒಳ್ಳೆಯದು.

ಡೇಟಾ ಸೈನ್ಸ್‌ಗೆ ಹೋಗುವವರು ಪೈಥಾನ್ ಜೊತೆಗೆ, ದತ್ತಾಂಶದ ಟೇಬಲ್‌ಗಳಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ಗಟ್ಟಿಯಾಗಿ ಕಲಿಯಿರಿ. ಎರಡು ಟೇಬಲ್ ಜೋಡಿಸಿದಾಗ ಒಂದರಲ್ಲಿ ಅದೇ ಗ್ರಾಹಕರ ಗುರುತಿನ ಸಂಖ್ಯೆ ಎರಡೆರಡು ಸಲ ಇದ್ದರೆ ಸಾಲುಗಳು ಸದ್ದಿಲ್ಲದೆ ಹೆಚ್ಚಿ, ಮೊತ್ತ ಉಬ್ಬುತ್ತದೆ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಹಾಗಾಗಿ ಜೋಡಣೆಗೆ ಮೊದಲು ಒಮ್ಮೆ, ನಂತರ ಒಮ್ಮೆ ಸಾಲುಗಳನ್ನು ಎಣಿಸಿಯೇ ಮುಂದುವರಿಯುತ್ತೇನೆ.